ಬಾಣಂತಿಯ ಹರಿಗೋಲನ್ನು ಬಿಡಿ

ಹೊಳೆಸಾಲಿನ ಹಳ್ಳಿಗಳ ದೌರಾ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಗಾಲಿ ಮನೆಯ ಕೆಳಗೆ ಒಬ್ಬ ಬಾಣಂತಿ ಮಲಗಿದ್ದಾಳೆ. ಒಳಗಲ್ಲ, ಕೆಳಗೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ, ಗೋಣಿತಟ್ಟಿನ ಮೇಲೆ, ಎಳೆಗೂಸನ್ನು ಎದೆಗೆ ಅವಚಿಕೊಂಡು. ಮೇಲೆ ತಮಗಾಗಿ ಹಾಸಿದ ಮಂಚ ಖಾಲಿ ಇದೆ, ಬಾಗಿಲಿಗೆ ಬೀಗವಿದೆ. ಎದುರಿಗೆ ತುಂಗಭದ್ರೆ, ಅದರ ನಡುವೆ ಹುಣಸಿಗಡ್ಡಿ ಎಂಬ ನಡುಗಡ್ಡೆ, ಅಲ್ಲಿ ಅವಳ ಮನೆ. ದಾಟಿಸಬೇಕಾದ ಹರಿಗೋಲುಗಳೆಲ್ಲ ತಮ್ಮ ಇದೇ ಗಾಲಿ ಮನೆಯನ್ನು ಹೊರಲೆಂದು ಹಲಗೆಗಳ ಅಡಿಯಲ್ಲಿ ಕಟ್ಟಿಸಿಕೊಂಡು ಬಿದ್ದಿವೆ. ಇದನ್ನು ಪತ್ರಿಕೆಯಲ್ಲಿ ಊರೆಲ್ಲ ಓದುವಂತೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಏಕೆಂದರೆ ಹಾಗೆ ಕಟ್ಟುವ ಉಪಾಯ ತಮ್ಮದಲ್ಲ, ನನ್ನದು.

ತಾವು ನಮ್ಮ ಗಡ್ಡೆಯನ್ನು ಕಂಡವರಲ್ಲ. ತಮ್ಮ ಹಿಂದಿನವರು ಹರಿಗೋಲಿನಲ್ಲಿ ಬಂದು, ಹನುಮಪ್ಪನ ಗುಡಿಕಟ್ಟೆಯ ಮೇಲೆ ಕೂತು, ಬಿಸಿಲು ಏರುವ ಮೊದಲೇ ಹೋಗಿಬಿಡುತ್ತಿದ್ದರು. ತಾವು ಹಾಗಲ್ಲ. ಮಂಚ, ಒಲೆ, ಕನ್ನಡಿ, ಸ್ನಾನದ ತೊಟ್ಟಿ ಎಲ್ಲವನ್ನೂ ಒಂದು ಲಾರಿಯ ಮೇಲೆ ಕಟ್ಟಿಸಿ, ಅದರೊಳಗೇ ಇದ್ದು ಗಡ್ಡೆಯನ್ನು ಸುತ್ತಿ ನೋಡುವ ಮನಸ್ಸು ಮಾಡಿದಿರಿ. ದಾರಿ ಗೊತ್ತು ಮಾಡಿಕೊಡಲು ಓದುಬರಹ ಬಲ್ಲವನೊಬ್ಬ ಬೇಕೆಂದು ತಮ್ಮ ಕಚೇರಿಯಿಂದ ಹೇಳಿಕಳಿಸಿದಾಗ ನಾನು ಓಡೋಡಿ ಬಂದೆ. ಯಾಕೆ ಗೊತ್ತೆ? ಅಧಿಕಾರಿ ಹಳ್ಳಿಯನ್ನು ಒಮ್ಮೆ ಕಣ್ಣಾರೆ ಕಂಡರೆ ಹಳ್ಳಿಯ ಕಷ್ಟ ಅರ್ಧ ಕರಗುತ್ತದೆ ಎಂದು ನಾಲ್ಕಾಣೆಯ ಪುಸ್ತಿಕೆಯೊಂದರಲ್ಲಿ ಓದಿದ್ದೆ. ನಮಗೊಂದು ಶಾಲೆ ಬೇಕು, ಒಬ್ಬ ಸೂಲಗಿತ್ತಿ ಬೇಕು. ತಾವು ನಾಲ್ಕು ದಿನ ಅಲ್ಲೇ ಮಲಗಿ ಎದ್ದರೆ ಅದು ತಮಗೇ ತಿಳಿಯುತ್ತದೆ ಎಂದುಕೊಂಡೆ. ದಂಡಿನವರು ಹೊಳೆ ದಾಟುವ ಬಗೆಯನ್ನೂ ಇನ್ನೊಂದು ಪುಸ್ತಿಕೆಯಲ್ಲಿ ಓದಿದ್ದೆ. ಇದ್ದ ಹರಿಗೋಲುಗಳನ್ನೆಲ್ಲ ಕೂಡಿಸಿ ಕಟ್ಟಿ, ಮೇಲೆ ಹಲಗೆ ಹೊಡೆದರೆ ಮನೆಯೇನು, ಗುಡಿಯೂ ದಾಟೀತು ಎಂದು ನಕ್ಷೆ ಬರೆದುಕೊಟ್ಟೆ. ತಾವು ಮೆಚ್ಚಿ ಹುಕುಂ ಕಳಿಸಿದಿರಿ.

ಇನ್ನು ನನ್ನ ಮೂರ್ಖತನದ ಭಾಗ. ನಮ್ಮ ಗಡ್ಡೆಯಲ್ಲಿ ಒಂದು ರೂಢಿ ಇದೆ. ಬಸುರಿಯನ್ನು ತವರಿಗೆ ಕಳಿಸುವಾಗ ಅವಳನ್ನು ದಾಟಿಸಿದ ಹರಿಗೋಲು ಗಡ್ಡೆಗೆ ಮರಳುವುದಿಲ್ಲ. ದಡದ ಜಾಲಿಮರದ ಕೆಳಗೆ ಅದನ್ನು ಬೋರಲು ಹಾಕುತ್ತಾರೆ. ಅವಳು ಕೂಸಿನೊಂದಿಗೆ ಬರುವವರೆಗೆ ಅದರಲ್ಲಿ ಹುಲ್ಲು ಹೇರುವುದಿಲ್ಲ, ಆಡು ಹೇರುವುದಿಲ್ಲ, ಯಾರೂ ಮುಟ್ಟುವುದಿಲ್ಲ. ನಾವು ಕಟ್ಟಲು ಹೋದಾಗ ಅಲ್ಲಿ ಹೆರಿಗೆಗೆ ತವರಿಗೆ ಹೋಗಿದ್ದ ಸಣ್ಣವ್ವನ ಹರಿಗೋಲು ಬೋರಲು ಬಿದ್ದಿತ್ತು.

"ಅದೊಂದು ಬಿಡ್ರಿ ತಮ್ಮಾ. ಬಾಣಂತಿ ಹರಗೋಲ ಅದು" ಎಂದ ಅಂಬಿಗರ ಕುಬೇರಪ್ಪ.

ನಾನು ಬಿಡಲಿಲ್ಲ. ಇಂಥ ಮೂಢನಂಬಿಕೆಯಿಂದಲೇ ದೇಶ ಹಾಳಾಯಿತು ಎಂದು ಅಲ್ಲೇ ನಿಂತು ಭಾಷಣ ಮಾಡಿದೆ. ಕುಬೇರಪ್ಪ ನನ್ನ ಮಾತು ಮುಗಿಯುವ ತನಕ ಎಲೆ ಅಡಿಕೆ ಮೆದ್ದು, "ಆತಲ್ಲ, ಇನ್ನ ಹಗ್ಗ ಕೊಡ್ರಿ" ಎಂದ. ಅದನ್ನೂ ಕಟ್ಟಿದೆವು. ಬಿಚ್ಚಿದವನಿಗೆ ಸಜಾ ಎಂದು ತಮ್ಮ ಜವಾನ ಸಾರಿದ. ಮೋಟಾರು ಬಂದು ನಿಂತಿತು. ತಾವು ಬರಲಿಲ್ಲ.

ಸಣ್ಣವ್ವ ಬಂದಳು. ಅವಳ ಅಣ್ಣ ತವರೂರು ನವಲಿಯಿಂದ ಬಂಡಿಯಲ್ಲಿ ಕರೆತಂದು, ಯಾವತ್ತಿನಂತೆ ಹರಿಗೋಲು ಕಾದಿರುತ್ತದೆಂದು ನಂಬಿ, ಇಳಿಸಿ ಹೋಗಿಬಿಟ್ಟ. ಮಡಿಲು ತುಂಬಿಸಿಕೊಂಡು ತವರಿನಿಂದ ಹೊರಟವಳು ಗಂಡನ ಮನೆಯ ಹೊಸ್ತಿಲು ತುಳಿಯದೆ ಹಿಂದಕ್ಕೆ ಹೋಗುವಂತಿಲ್ಲ. ಹೊಳೆಗೆ ಹೊಸ ನೀರು ಬಂದಿದೆ, ಆಷಾಢದ ಗಾಳಿ ನಿಂತವರನ್ನು ನಿಲ್ಲಗೊಡುವುದಿಲ್ಲ. ಆ ಬಯಲಲ್ಲಿ ಗಾಳಿಗೆ ಮರೆ ಎಂದರೆ ತಮ್ಮ ಮೋಟಾರೊಂದೇ. ಕೂಸು ಕೆಮ್ಮತೊಡಗಿದೆ.

ಕಾವಲಿಗಿರುವ ಮಕ್ಬುಲಸಾಬ ತನ್ನ ಕಂಬಳಿಯನ್ನು ಅವಳಿಗೆ ಕೊಟ್ಟು, "ಕೀಲಿ ನನ್ನ ಕಡೀನ ಐತಿ ತಂಗಿ, ಹುಕುಂ ಇಲ್ಲ" ಎಂದು ಮುಖ ತಿರುಗಿಸಿದ.

"ಇರಲಿ ಬಿಡ್ರಿ ಅಣ್ಣಾ. ಈ ಮನಿ ಗಾಲಿ ಇದ್ದು ಕುಂತೈತಿ, ನಾ ಕಾಲಿದ್ದು ಕುಂತೀನಿ. ಇಬ್ಬರದೂ ಜೋಡಿ ಛಲೋ ಆತು" ಎಂದಳು ಸಣ್ಣವ್ವ.

ಆಚೆ ಗಡ್ಡೆಯ ಬಂಡೆಯ ಮೇಲೆ ಅವಳ ಅತ್ತೆ ಪಾರಮ್ಮ ಬಂದು ನಿಲ್ಲುತ್ತಾಳೆ. ಸಣ್ಣವ್ವ ಕೂಸನ್ನು ಎತ್ತಿ ಹಿಡಿಯುತ್ತಾಳೆ. ಅಷ್ಟು ದೂರದಿಂದ ಅಜ್ಜಿಗೆ ಮೊಮ್ಮಗಳ ಮುಖ ಎಷ್ಟು ಕಂಡೀತು? ನಿನ್ನೆ ನನ್ನನ್ನು ಕಂಡು ಕೂಗಿದಳು: "ಏ ಓದಿದಾಂವಾ, ಸಾಹೇಬರ ಮಂಚ ದಾಟಾಕ ದಾರಿ ಹುಡಿಕೀದಿ. ನನ್ನ ಸೊಸಿ ದಾಟಾಕ ಯಾವ ದಾರಿ ಬರದೀಯಪಾ?"

ಆ ರೂಢಿಯಲ್ಲಿ ಮೂಢತನ ಎಲ್ಲಿತ್ತು? ಹಸುಗೂಸಿನವಳು ಯಾವ ಹೊತ್ತಿಗೆ ಬಂದರೂ ದಡದಲ್ಲಿ ಕಾಯಬಾರದು, ಅಷ್ಟೇ ಅಲ್ಲವೇ ಅದರ ಅರ್ಥ? ಸರ್ಕಾರ ಕೊಡದ ಒಂದು ಸೌಕರ್ಯವನ್ನು ನಮ್ಮ ಹೆಂಗಸರು ತಾವೇ ಮಾಡಿಕೊಂಡಿದ್ದರು. ಅದನ್ನು, ಮಾನ್ಯರೇ, ತಮ್ಮ ಹೆಸರಿನಲ್ಲಿ ಕಿತ್ತುಕೊಂಡವನು ಸುಧಾರಕನೆಂದು ಹೇಳಿಕೊಳ್ಳುವ ನಾನು.

ತಮ್ಮ ಕಚೇರಿಗೆ ಹೋಗಿ ಕೇಳಿದೆ. ಗಾಲಿ ಮನೆಯ ಕಿಟಕಿಗಳಿಗೆ ಹೈದರಾಬಾದಿನಿಂದ ಪರದೆ ಬರಬೇಕಿದೆ, ಅದು ಬಂದ ಮೇಲೆ ಸಾಹೇಬರು ದೌರಾ ಹೊರಡುತ್ತಾರೆ ಎಂದರು. ಒಳ್ಳೆಯದು ಮಾನ್ಯರೇ. ಗಡ್ಡೆಯನ್ನು ನೋಡಲೆಂದು ಬರುವವರಿಗೆ ಮೊದಲು ಪರದೆ ಬೇಕೇ? ಒಮ್ಮೆ ಬಂದು ತಮ್ಮ ಮಂಚದ ಕೆಳಗೆ ಬಗ್ಗಿ ನೋಡಿದ್ದರೆ ಸಾಕಿತ್ತಲ್ಲ. ನಮ್ಮ ಗಡ್ಡೆಗೆ ಏನೇನು ಇಲ್ಲವೆಂದು ಅಲ್ಲೇ ತಿಳಿಯುತ್ತಿತ್ತು.

ಸಣ್ಣವ್ವನ ಮುಂದೆ ಕೂತು ತಪ್ಪಾಯಿತೆಂದೆ. ಅವಳು ಬೈದಿದ್ದರೆ ಈ ಪತ್ರ ಇಷ್ಟು ಕಹಿಯಾಗುತ್ತಿರಲಿಲ್ಲ. "ನೀವು ಊರಿಗೆ ಛಲೋ ಆಗ್ಲೆಂತನ ಮಾಡೀರಿ. ಸಾಹೇಬ್ರು ಬಂದ್ರ ಸೂಲಗಿತ್ತಿ ಕೇಳೂದು ಮರೀಬ್ಯಾಡ್ರಿ" ಎಂದಳು.

ಆದ್ದರಿಂದ ನನ್ನ ಬೇಡಿಕೆ ಇದು. ಹರಿಗೋಲುಗಳ ಕಟ್ಟನ್ನು ಬಿಚ್ಚಲು ಹುಕುಂ ಕಳಿಸಿ. ಆದರೆ ಅದು ಬರುವವರೆಗೆ ನಾನು ಕಾಯುವುದಿಲ್ಲ. ಈ ಕಾಗದವನ್ನು ಹೊಳೆಯಾಚೆಯ ಸೀಮೆಯ ಪತ್ರಿಕೆಗೆ ಅಂಚೆಗೆ ಹಾಕಿ ನೇರವಾಗಿ ದಡಕ್ಕೆ ಹೋಗಿ, ಜಾಲಿಮರದ ಕೆಳಗಿದ್ದ ಆ ಒಂದು ಹರಿಗೋಲನ್ನು ನನ್ನ ಕೈಯಾರೆ ಬಿಚ್ಚುತ್ತೇನೆ. ಸಜಾ ನನಗೆ ಕೊಡಿ, ಕುಬೇರಪ್ಪನಿಗಲ್ಲ, ಮಕ್ಬುಲಸಾಬನಿಗಲ್ಲ. ಅದೊಂದು ಕಳಚಿದರೆ ಉಳಿದವು ಭಾರ ಹೊರವು, ತಮ್ಮ ಮನೆ ದಾಟದು. ಗಡ್ಡೆ ನೋಡುವ ಮನಸ್ಸು ಇನ್ನೂ ಇದ್ದರೆ ತಾವೊಬ್ಬರೇ ಬನ್ನಿ, ಕುಬೇರಪ್ಪ ದಾಟಿಸುತ್ತಾನೆ, ಪಾರಮ್ಮ ಚಾಪೆ ಹಾಸುತ್ತಾಳೆ. ಸಣ್ಣವ್ವ ದಾಟಿದ ಮೇಲೆ.

ಇಂತಿ,
ತಮ್ಮ ಮಂಚಕ್ಕೆ ದಾರಿ ಬರೆದು ತನ್ನೂರ ತೊಟ್ಟಿಲಿನ ದಾರಿ ಕಟ್ಟಿಹಾಕಿದ
ದೇವೇಂದ್ರಪ್ಪ
ಹುಣಸಿಗಡ್ಡಿ, ಗಂಗಾವತಿ ತಾಲೂಕು
ಆಷಾಢ, ೧೯೩೮