ವಾಪಸ್ ಹಾಕಿ ನೋಡಬೇಕಂತೆ

ತಮ್ಮಾ, ವಿಳಾಸ ಕೊಡದೆ ಹೋದವನಿಗೆ ಬರೆಯುವುದರಲ್ಲಿ ಒಂದು ಲಾಭವಿದೆ, ಅಂಚೆ ಖರ್ಚಿಲ್ಲ.

ನೀನು ಎತ್ತಿ ಆಡಿಸಿದ ನನ್ನ ಮಗಳು ಇವತ್ತು ಲ್ಯಾಬಿನಿಂದ ಕುಣಿಯುತ್ತಾ ಬಂದಳು. ನ್ಯುಮೋನಿಯಾ ಬ್ಯಾಕ್ಟೀರಿಯಾದ ಒಂದೇ ಒಂದು ಜೀನನ್ನು ಗುರಿಯಿಟ್ಟು ಕೆಡಿಸಿದ್ದಾಳೆ. ಅದಕ್ಕೀಗ ರೋಗ ತರುವ ತಾಕತ್ತಿಲ್ಲ.

"ಕಳ್ಳ ಸಿಕ್ಕಿಬಿದ್ದ ಅನ್ನು," ಅಂದೆ.

"ಇನ್ನೂ ಇಲ್ಲಪ್ಪ. ಅದೇ ಜೀನನ್ನ ವಾಪಸ್ ಹಾಕಿ ನೋಡ್ಬೇಕು. ಮತ್ತೆ ರೋಗ ಬಂದ್ರೆ ಮಾತ್ರ ತಪ್ಪು ಅದರದ್ದು. ಬರದಿದ್ರೆ, ಕೆಡಿಸೋವಾಗ ನಾವೇ ಇನ್ನೇನೋ ಹಾಳು ಮಾಡಿರ್ತೀವಿ."

ನೀನು ಹೋದ ಮೇಲೆ ನಮ್ಮ ಪೇಂಟಿನ ಅಂಗಡಿಯಲ್ಲಿ ಜಗಳವೇ ನಿಂತಿತು, ತಪ್ಪೆಲ್ಲ ನಿನ್ನದೇ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದವನು ನಾನು. ಕಾಫಿ ಮುಗಿಸಿ ಈ ಕಾಗದ ಬರೆಯೋಕೆ ಕೂತೆ.

ಬಾರೋ. ಒಂದು ತಿಂಗಳು ಗಲ್ಲಾದ ಹತ್ತಿರ ನನ್ನ ಪಕ್ಕ ಕೂತು ನೋಡು. ಜಗಳ ಆದರೆ ಆಗಲಿ.