ಅಜ್ಜ ಹೆಸರು ಹೇಳಿದ ದಿನ

ನ್ಯೂ ಹೆಬ್ರಾನ್, ಕೆನಡಾ ವೆಸ್ಟ್
1856ನೇ ಇಸವಿ, ಜನವರಿ 9

ನನ್ನ ಬಂಗಾರದ ಮೊಮ್ಮಗಳು ಕೆಜಾಯಾಳಿಗೆ ಅಜ್ಜಿ ಮಾಡುವ ಆಶೀರ್ವಾದ.

ಹೊಟ್ಟೆಯೊಳಗಿನ ಕೂಸು ಒದೆಯುತ್ತದೆ ಎಂದು ಬರೆದಿದ್ದೀಯ. ಒದೆಯಲಿ, ನಮ್ಮ ಮನೆತನದ್ದೇ ಅದು. ನನ್ನ ಅಕ್ಷರ ನೋಡಿ ನಗಬೇಡ. ಓದು ಕಲಿತ ಗುಲಾಮರ ಬೆನ್ನಿಗೆ ಚಾಟಿ ಬೀಳುವ ಸೀಮೆಯಲ್ಲಿ ಹುಟ್ಟಿದವಳು ನಾನು. ಇಲ್ಲಿಗೆ ಬಂದಮೇಲೆ ನಿನ್ನ ಪಕ್ಕದ ಬೆಂಚಿನಲ್ಲಿ ಕೂತು ಇಷ್ಟು ಕಲಿತೆ. ನೀನು ಕೇಳಿದ್ದಕ್ಕೆ ಉತ್ತರ ಕೊನೆಯಲ್ಲಿದೆ. ಹಾರಿಸಿ ಓದಬೇಡ.

ನಿನ್ನೆ ಇಲ್ಲಿ ಚುನಾವಣೆ. ತಾನು ಗೆದ್ದರೆ ನಮ್ಮ ಕರಿಯ ಜನಕ್ಕೆ ಇನ್ನು ಒಂದಡಿ ನೆಲವನ್ನೂ ಮಾರಗೊಡುವುದಿಲ್ಲ ಎಂದವನೊಬ್ಬ ನಿಂತಿದ್ದ. ಬೆಳಿಗ್ಗೆ ಊರಗಂಟೆ ಹೊಡೆದ ಕೂಡಲೇ ಗಂಡಸರೆಲ್ಲ ಹಿಮದಲ್ಲಿ ಪೇಟೆಗೆ ಹೊರಟರು. ಈ ಕಾಡಿಗೆ ಮೊದಲ ಕೊಡಲಿ ಹಾಕಿದವನೆಂದು ನಿಮ್ಮಜ್ಜನನ್ನೇ ಮುಂದಿಟ್ಟರು. ಹೆಂಗಸರಿಗೆ ಮತವಿಲ್ಲ, ಕಾಲಿದೆಯಲ್ಲ, ನಾವೂ ಹಿಂದೆ ನಡೆದೆವು. ತಿರುವಿನಲ್ಲಿ ನಿಂತು ನೋಡಿದೆ. ಕರಿ ಕೋಟುಗಳ ಸಾಲು ಕಾಡಿನಂಚಿನಿಂದ ಬರುತ್ತಲೇ ಇತ್ತು. ನಮ್ಮವರು ಹೀಗೆ ಸಾಲಾಗಿ ನಡೆದದ್ದನ್ನು ಹಿಂದೆಯೂ ಕಂಡಿದ್ದೆ, ಸರಪಳಿಯಲ್ಲಿ. ಇಲ್ಲಿ ಬರೀ ಬೂಟಿನ ಸದ್ದು.

ಮತ ಹಾಕುವುದೆಂದರೆ ಅಟ್ಟಣಿಗೆ ಹತ್ತಿ, ತನ್ನ ಹೆಸರನ್ನೂ ತನಗೆ ಬೇಕಾದವನ ಹೆಸರನ್ನೂ ಎಲ್ಲರಿಗೂ ಕೇಳುವಂತೆ ಹೇಳಬೇಕು. ನಿಮ್ಮಜ್ಜ ಹತ್ತಿದ. ಗುಮಾಸ್ತ "ಹೆಸರು?" ಎಂದ. ನಿಮ್ಮಜ್ಜ ಟೋಪಿ ತೆಗೆದು ನೆಲ ನೋಡಿದ.

ತಪ್ಪಿಸಿಕೊಂಡು ಓಡಿಬಂದ ನಾವು ನಿಮಗೆಲ್ಲ ಮೊದಲು ಕಲಿಸಿದ್ದೇ ಅದಲ್ಲವೇ: ಬಿಳಿಯನೊಬ್ಬ ಹೆಸರು ಕೇಳಿದರೆ ಬಾಯಿ ಬಿಡಬೇಡ, ಹಿಡಿದೊಯ್ಯಲು ಬಂದವನಿರಬಹುದು. ಆ ಪಾಠ ಅವನ ಗಂಟಲಲ್ಲಿ ಕೂತುಬಿಟ್ಟಿತ್ತು.

"ಹೆಸ್ರೇ ಇಲ್ದೋರು ಓಟು ಹಾಕಕ್ಕೆ ಬಂದವ್ರೆ!" ಎಂದು ಯಾವನೋ ನಕ್ಕ. ಹಿಂದಿದ್ದವರೂ ಟೋಪಿ ತೆಗೆಯತೊಡಗಿದರು. ಇವನು ಇಳಿದರೆ ಅವರೆಲ್ಲ ತಿರುಗಿ ಹೋಗುತ್ತಾರೆ.

"ಏ ಮುದುಕಾ!" ಎಂದು ಕೂಗಿದೆ. "ಗಂಜೀಗೆ ಉಪ್ಪು ಕಮ್ಮಿ ಆದ್ರೆ ಊರಿಗೇ ಕೇಳೋ ಹಂಗೆ ಅರಚ್ತೀಯ, ಈಗೇನಾಯ್ತು ನಿನ್ನ ಬಾಯಿಗೆ?"

"ಹೆಂಗಸ್ರು ಸುಮ್ನಿರ್ಬೇಕು" ಎಂದ ಪೇದೆ.

"ಓಟಂತೂ ಕೊಡ್ಲಿಲ್ಲ. ಗಂಡನ್ನ ಬೈಯಕ್ಕೂ ನಿಮ್ಮ ಅಪ್ಪಣೆ ಬೇಕಾ ಸ್ವಾಮಿ?"

ನಿಮ್ಮಜ್ಜ ನನ್ನತ್ತ ನೋಡಿದ. ನಕ್ಕನೋ ಅತ್ತನೋ ತಿಳಿಯಲಿಲ್ಲ. ಟೋಪಿಯನ್ನು ಮತ್ತೆ ತಲೆಗಿಟ್ಟ. "ಒಬಡಾಯಾ ಪೆಟಿಸ್" ಎಂದ, ಬೀದಿಯ ಕುದುರೆಗಳು ಬೆಚ್ಚುವ ಹಾಗೆ. ನಮ್ಮ ಕಡೆಯವನಿಗೆ ಮತ ಹೇಳಿದ. ಆಮೇಲೆ ಯಾರೂ ಕೇಳದೆಯೇ, ತನ್ನನ್ನು ಹೆತ್ತವಳ ಹೆಸರನ್ನೂ ಹೇಳಿದ.

"ಅಮ್ಮನ ಹೆಸ್ರು ಬೇಡ" ಎಂದ ಗುಮಾಸ್ತ.

"ನಿಮಗೆ ಬೇಡ. ನಂಗೆ ಬೇಕು. ಅವಳನ್ನ ಮಾರಿದ್ಮೇಲೆ ಯಾರೂ ಹೇಳಿಲ್ಲ."

ಹಿಂದೆ ಬಂದ ಒಬ್ಬೊಬ್ಬನೂ ತನ್ನ ಹೆಸರಿನ ಜೊತೆ ಅಮ್ಮನ ಹೆಸರು ಹೇಳಿದ. ಗೊತ್ತಿಲ್ಲದವನು "ಅಮ್ಮ" ಎಂದಷ್ಟೇ ಹೇಳಿ ಇಳಿದ. ಬೀದಿಯ ನಗು ನಿಂತುಹೋಯಿತು. ಮಾರಿಹೋದ ತಾಯಂದಿರೆಲ್ಲ ಹಿಮ ತುಳಿದು ಬಂದು ಆ ಅಟ್ಟಣಿಗೆ ಹತ್ತಿದಂತೆ ಕಂಡಿತು ಮಗಳೇ. ಯಾವತ್ತೂ ಬಾಯಿ ಮುಚ್ಚದ ನಾನು ಶಾಲಿನ ಚುಂಗು ಬಾಯಿಗಿಟ್ಟು ನಿಂತೆ.

ನೆಲ ಮಾರಗೊಡುವುದಿಲ್ಲ ಎಂದಿದ್ದ ಆ ಮನುಷ್ಯ ಸೋತ. ಬರೆಯುವುದನ್ನೇ ಮರೆತಿದ್ದೆ.

ಹೊಟ್ಟೆ ಬೆಚ್ಚಗಿಟ್ಟುಕೋ.

ನಿನ್ನ ಬಾಯಿಬಡುಕಿ ಅಜ್ಜಿ,
ಡಾರ್ಕಸ್ ಪೆಟಿಸ್

ನೀನು ಕೇಳಿದ್ದಕ್ಕೆ ಉತ್ತರ: ಹೆಣ್ಣು ಹುಟ್ಟಿದರೆ ಮುತ್ತಜ್ಜಿಯ ಹೆಸರಿಡಬೇಕೆಂದು, ಅದೇನೆಂದು ನಿಮ್ಮಜ್ಜನನ್ನು ಕೇಳಿ ಕೇಳಿ ಸೋತಿದ್ದೆಯಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ನನಗೂ ಅವನು ಹೇಳಿರಲಿಲ್ಲ. ಕ್ವಾಶಿಬಾ. ಗುಮಾಸ್ತ ಬರೆದುಕೊಳ್ಳಲಿಲ್ಲ. ನಾನು ಬರೆದಿದ್ದೇನೆ.