ಬಚ್ಚಿ ಅಜ್ಜಿ ತಲೆಯಾಡಿಸಿದ್ದು

ತೇಲುಕೇರಿ
ಕಡಲೇರಿಕೆಯ ನೂರಾ ಎಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ತಾರೀಖು

ಮಾನ್ಯ ಪ್ರಫುಲ್ಲಾ ಹೊಸಮನಿ ಅವರಿಗೆ,

ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದೇ ನಿಮ್ಮ ಸಾಕ್ಷ್ಯಚಿತ್ರಗಳನ್ನು ನೋಡಿ. ಕಳೆದ ಕಾಲಕ್ಕೆ ಪತ್ರ ಒಯ್ಯುವ ಹಿಂದಂಚೆ ಎಂಬ ವ್ಯವಸ್ಥೆ ನಮ್ಮಲ್ಲಿದೆ. ಮನೆತನಕ್ಕೆ ಒಂದೇ ಪತ್ರ. ಸತ್ತ ಹಿರಿಯರಿಗೆ ಬರೆಯೋಣ ಎಂದು ಮನೆಯವರೆಲ್ಲ ಹೇಳಿದರು. ನಾನು ಹಟ ಹಿಡಿದು ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಕೇರಿಯೆಂದರೆ ನೀರಿನ ಮೇಲೆ ಸರಪಳಿ ಹಾಕಿ ಕಟ್ಟಿದ ಮನೆಗಳ ಸಾಲು. ಗಾಳಿ ಎದ್ದ ದಿನ ಒಲೆ ಹಚ್ಚುವುದಿಲ್ಲ. ಗಟ್ಟಿ ನೆಲದ ಮೇಲೆ ನಿಲ್ಲಿಸಿದರೆ ನಮ್ಮ ಮಕ್ಕಳಿಗೆ ತಲೆ ಸುತ್ತುತ್ತದೆ. ಸಂಜೆ ಹೊತ್ತು ಮನೆಗೋಡೆಗಳ ಮೇಲೆ ನಿಮ್ಮ ಚಿತ್ರಗಳು ಓಡುತ್ತವೆ. ಬಸ್ ನಿಲ್ದಾಣ, ಬೀದಿನಾಯಿ, ಕಟಿಂಗ್ ಶಾಪಿನ ಕನ್ನಡಿ, ಎಲ್ಲವನ್ನೂ ನಾವು ಕಂಡದ್ದು ನಿಮ್ಮ ಕಣ್ಣಿನಲ್ಲೇ. ಮೊದಲು ಬೇರೆಯವರ ಚಿತ್ರಗಳಿಗೆ ಕ್ಯಾಮೆರಾ ಹೊತ್ತಿರಿ. ಇಂಥ ಜನರ ಕಥೆ ಯಾರಿಗೆ ಬೇಕು ಎಂದು ಎಲ್ಲರೂ ಕೈಚೆಲ್ಲಿದಾಗ ನೀವೇ ನಿರ್ಮಾಪಕಿಯಾಗಿ ರೈಲ್ವೆ ಗ್ಯಾಂಗ್‌ಮನ್‌ಗಳನ್ನೂ ಸೂಲಗಿತ್ತಿಯರನ್ನೂ ತೋರಿಸಿದಿರಿ. ಟ್ರೈಪಾಡ್ ನಿಮಗೆ ಆಗಿಬರುವುದಿಲ್ಲವೆಂದು ಕಾಣುತ್ತದೆ. ನೀವು ಏದುಸಿರು ಬಿಟ್ಟರೆ ಇಡೀ ಊರು ಅಲುಗಾಡುತ್ತದೆ. ಅಲುಗಾಟ ನಮಗೆ ರೂಢಿ, ಹಾಗಾಗಿ ನೀವೆಂದರೆ ನಮಗೆ ಪ್ರೀತಿ.

ಒಂದು ಚಿತ್ರ ಮಾತ್ರ ನಮ್ಮನ್ನು ಬಿಡದೆ ಕಾಡುತ್ತಿದೆ. ಹೊಳೆ ಕಡಲು ಸೇರುವಲ್ಲಿದ್ದ ಕಾಗೆಕುದ್ರು ಎಂಬ ನಡುಗಡ್ಡೆಯಿಂದ, ಬಂದರು ಕಟ್ಟಲೆಂದು ಜನರನ್ನು ಎಬ್ಬಿಸಿದ ಚಿತ್ರ ಅದು. ಸಭೆಯಲ್ಲಿ ಅಧಿಕಾರಿ, “ಎಲ್ಲರಿಗೂ ಒಪ್ಪಿಗೆ ಇದೆಯಲ್ಲ?” ಎಂದು ಕೇಳುತ್ತಾನೆ. ಮರುಕ್ಷಣವೇ ನಮ್ಮ ವಂಶದ ಹಿರಿಯಜ್ಜಿ ಬಚ್ಚಿ ಮರಕಾಲ್ತಿ ತಲೆಯಾಡಿಸುತ್ತಾಳೆ. ಆದರೆ ಅಜ್ಜಿ ಆ ಸಭೆಗೆ ಹೋಗಿರಲೇ ಇಲ್ಲ. ಸಂದರ್ಶನ ಮುಗಿದ ಮೇಲೆ, ನಡುವೆ ಎಲ್ಲಾದರೂ ಸೇರಿಸಲು ಇರಲಿ ಎಂದು, ಕೇಳಿಸಿಕೊಳ್ಳುತ್ತಿರುವಂತೆ ಒಂದು ಮುಖ ತೆಗೆದುಕೊಳ್ಳುವುದು ನಿಮ್ಮ ಕಸುಬಿನಲ್ಲಿ ವಾಡಿಕೆಯಂತೆ. ಅವಳ ಅಂಗಳದಲ್ಲಿ ನೀವು, “ಅಜ್ಜೀ, ಸುಮ್ಮ ಒಂದ್ಸಲ ತಲಿ ಆಡಸ್ರಿ” ಎಂದಿರಿ. “ಎಂತಕ್ಕೆ ಮಗಾ? ನೀ ಎಂತದೂ ಕೇಳ್ಲೇ ಇಲ್ಲ ಅಲ್ದಾ?” ಎಂದು ಅವಳು ನಕ್ಕಳು. ಆಮೇಲೆ ನಿಮ್ಮ ಮಾತು ತೆಗೆದುಹಾಕಲಾರದೆ ತಲೆಯಾಡಿಸಿದಳು. ತಾಯಿಯಿಂದ ಮಗಳಿಗೆ ನಮ್ಮಲ್ಲಿ ಉಳಿದುಬಂದ ಮಾತಿದು. ಚಿತ್ರ ಉದ್ದವಾಯಿತೆಂದು ಅವಳ ಸಂದರ್ಶನ ಬಿಟ್ಟುಹೋಯಿತು. ತಲೆಯಾಡಿಸಿದ್ದೊಂದು ಉಳಿಯಿತು.

ಕಡಲೇರಿ ಬಂದರು ಮುಳುಗಿತು; ಹೊಳೆಯ ಹೂಳು ತುಂಬಿ ಕುದ್ರು ಈಗ ಮತ್ತೆ ಮೇಲೆದ್ದಿದೆ. ಬಲವಂತದಿಂದ ಹೊರಬಿದ್ದವರ ವಂಶದವರು ಹಿಂದಿರುಗಬಹುದು, ಒಪ್ಪಿ ಬಿಟ್ಟವರಿಗೆ ಹಕ್ಕಿಲ್ಲ ಎಂಬುದು ಇಲ್ಲಿನ ಕಾನೂನು. ನ್ಯಾಯಾಲಯದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಬಿಂಬಸಾಕ್ಷಿಯೇ ಬೇಕು. ಹಾಗೆಂದರೆ ಹಳೆಯ ಚಿತ್ರದಿಂದ ಸತ್ತವರನ್ನು ಆಳೆತ್ತರಕ್ಕೆ ಎಬ್ಬಿಸಿ ನಿಲ್ಲಿಸುವುದು; ಚಿತ್ರದಲ್ಲಿ ಮಾಡಿದ್ದನ್ನಷ್ಟೇ ಅವರು ಮಾಡಬಲ್ಲರು. ಅಜ್ಜಿಯನ್ನು ನಿಲ್ಲಿಸಿದರು. ಕೈಗೆ ಮೀನಿನ ಹುರುಪೆ ಇನ್ನೂ ಅಂಟಿಕೊಂಡಿತ್ತು. ಒಪ್ಪಿದ್ದೆಯಾ ಎಂದು ಕೇಳಿದರು, ತಲೆಯಾಡಿಸಿದಳು. ಅಮ್ಮ ತಡೆಯಲಾರದೆ ಎದ್ದು, “ಅಜ್ಜೀ, ನಮ್ಮ ಗುರ್ತ ಸಿಕ್ತಾ?” ಎಂದಳು. ಅದಕ್ಕೂ ತಲೆಯಾಡಿಸಿದಳು. ಅಂದಿನಿಂದ ಅಮ್ಮ ಚಿತ್ರ ಓಡುವ ಗೋಡೆಗೆ ಬೆನ್ನು ಹಾಕಿ ಕೂತು ಉಣ್ಣುತ್ತಾಳೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಕುದ್ರುವಿನವರ ಪರವಾಗಿಯೇ ನೀವು ಆ ಚಿತ್ರ ಮಾಡಿದ್ದು ಎಂದು ಗೊತ್ತಿದ್ದೂ ಸಿಟ್ಟಿದೆ. ಮುಂದಿನ ಚಿತ್ರೀಕರಣಕ್ಕೆ ಹಾರ್ಡ್‌ಡಿಸ್ಕ್ ಖಾಲಿ ಮಾಡಿಕೊಳ್ಳುವವರು ನೀವು. ದಯವಿಟ್ಟು ಕಾಗೆಕುದ್ರುವಿನ ಕತ್ತರಿಸದ ದೃಶ್ಯಗಳನ್ನು ಅಳಿಸಬೇಡಿ. ನಿಮ್ಮ ದನಿ, ಅವಳ ಪ್ರಶ್ನೆ, ಆ ನಗು, ಎಲ್ಲ ಒಟ್ಟಿಗಿರಲಿ. ಉಳಿದ ಚಿತ್ರಗಳ ಜೊತೆಗೆ ಅದನ್ನೂ ಚಿತ್ರಭಂಡಾರಕ್ಕೆ ಕೊಟ್ಟುಬಿಡಿ. ನಾಳಿದ್ದು ಕೊನೆಯ ವಿಚಾರಣೆ.

ನೀವು ಉಳಿಸಿದ್ದರೆ ಅದು ಎಂದೋ ಇಲ್ಲಿರುತ್ತಿತ್ತು, ನಾನು ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ ಎನ್ನುತ್ತಾಳೆ ನನ್ನ ತಂಗಿ. ಆದರೂ ಇದನ್ನು ಕಳಿಸಿದ ಕೂಡಲೇ ಭಂಡಾರಕ್ಕೆ ಹೋಗುತ್ತೇನೆ. ಬೆಳಗ್ಗೆ ನಿಮ್ಮ ಹೆಸರಿನ ಕಪಾಟಿನಲ್ಲಿ ಅದು ಇರಲಿಲ್ಲ. ಮತ್ತೊಮ್ಮೆ ತೆಗೆದು ನೋಡುತ್ತೇನೆ.

ಇಂತಿ,
ಬಚ್ಚಿ ಮರಕಾಲ್ತಿಯ ವಂಶದ
ತೆರೆಸಿರಿ